ಕ್ಲಬ್ಬಿಗೆ ಗ್ರಾಂಟ್ ಬಂತು, ಫೈಲ್ ಎಲ್ಲಿದೆ?

ಜುಲೈ 1 ಬಂತೆಂದರೆ ರೋಟರಿ, ಲಯನ್ಸ್ ಎರಡೂ ಸೇವಾ ಕ್ಲಬ್ಬುಗಳಲ್ಲಿ ಹೊಸ ವರ್ಷ, ಹೊಸ ಅಧ್ಯಕ್ಷರು. ಹಾರ, ಪೇಟ, ಫೋಟೊ, ಊಟ ಎಲ್ಲ ಮುಗಿದು ವಾರ ಕಳೆಯುವಷ್ಟರಲ್ಲಿ ಹೊಸ ಕಾರ್ಯದರ್ಶಿಯ ಫೋನು ಬರುತ್ತದೆ: "ಸರ, ಹ್ವಾದ ವರ್ಷದ ಗ್ರಾಂಟ್ ಫೈಲ್ ಎಲ್ಲೈತ್ರಿ?" ಫೈಲು ಹಳೆಯ ಅಧ್ಯಕ್ಷರ ಅಂಗಡಿಯ ಗಲ್ಲೆಯ ಕೆಳಗೆ ಇರುತ್ತದೆ, ಅರ್ಧ ಬಿಲ್ಲು ಅವರ ಮೊಬೈಲಿನಲ್ಲಿ ಇರುತ್ತವೆ, ಉಳಿದರ್ಧ ಯಾರ ಬಳಿಯೂ ಇರುವುದಿಲ್ಲ. ಕೊಪ್ಪಳ ಜಿಲ್ಲೆಯ ಒಂದು ಕ್ಲಬ್ಬಿನಲ್ಲಿ ಹಲವು ವರ್ಷ ಖಜಾಂಚಿಯಾಗಿ ಈ ಫೋನು ತೆಗೆದುಕೊಂಡವನು ನಾನು. ಕ್ಲಬ್ಬುಗಳ ಗ್ರಾಂಟ್, ಅಂದರೆ ಸೇವಾ ಕೆಲಸಕ್ಕೆಂದು ಬರುವ ಅನುದಾನ, ಕೆಡುವುದು ಕಳ್ಳತನದಿಂದಲ್ಲ, ಈ ಜುಲೈ ಬದಲಾವಣೆಯಿಂದ. ಹಾಗಾಗಿ ಕೆಳಗಿನ ಕ್ರಮವನ್ನೆಲ್ಲ ಅದನ್ನೇ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಉದಾಹರಣೆಗೆ ನಮ್ಮ ಕಡೆ ಪ್ರತಿ ಕ್ಲಬ್ಬೂ ಒಮ್ಮೆಯಾದರೂ ಕೈ ಹಾಕುವ ಕೆಲಸವನ್ನೇ ತೆಗೆದುಕೊಳ್ಳೋಣ: ಹಳ್ಳಿಗೊಂದು ಶುದ್ಧ ಕುಡಿಯುವ ನೀರಿನ ಘಟಕ.

ಮೊದಲು ಹಳ್ಳಿ, ಆಮೇಲೆ ಅರ್ಜಿ

ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ ಎಂದು ಎಲ್ಲರಿಗೂ ಗೊತ್ತು. ಶಾಲೆ ಮಕ್ಕಳು ನಕ್ಕಾಗ ಹಲ್ಲಿನ ಮೇಲಿನ ಕಂದು ಗೆರೆ ಕಾಣುತ್ತದೆ. ಆದರೆ ಗ್ರಾಂಟ್ ಕೊಡುವವರಿಗೆ ಹಲ್ಲು ಸಾಲದು, ಕಾಗದ ಬೇಕು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದ ಕಡೆ 1.5ರವರೆಗೆ ಸಹ್ಯ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡಿಸಿ, ವರದಿಯನ್ನು ಫೈಲಿನ ಮೊದಲ ಹಾಳೆಯಾಗಿ ಇಡಿ.

ಎರಡನೆಯ ಹಾಳೆ ಊರಿನ ಮಾತು. ಗುಡಿ ಕಟ್ಟೆಯ ಮೇಲೆ ಕೂತ ಗಂಡಸರನ್ನು ಕೇಳಿದರೆ "ಒಂದ್ ಸಮುದಾಯ ಭವನ ಮಾಡಿಸ್ರಿ" ಎನ್ನುತ್ತಾರೆ. ಕೊಡ ಹೊರುವವರು ಹೆಂಗಸರು, ಅವರನ್ನು ಕೇಳಿ. ರೋಟರಿಯ ಗ್ಲೋಬಲ್ ಗ್ರಾಂಟಿಗಂತೂ (ದೊಡ್ಡ ಕೆಲಸಕ್ಕೆ ಸಿಗುವ ಅನುದಾನ, ವಿವರ ಮುಂದಿದೆ) ಈ ಸಮುದಾಯ ಸಮೀಕ್ಷೆ ಕಡ್ಡಾಯ. ಯಾರನ್ನು, ಯಾವ ದಿನ, ಏನು ಕೇಳಿದಿರಿ ಎಂದು ಬರೆದು ಸಹಿ ಹಾಕಿಸಿಕೊಳ್ಳಿ.

ಇನ್ನೊಂದು ಪ್ರಶ್ನೆಯನ್ನು ನಮ್ಮವರು ಕೇಳುವುದೇ ಇಲ್ಲ: ಊರಿನಲ್ಲಿ ಈಗಾಗಲೇ ಒಂದು ಘಟಕ ನಿಂತಿದೆಯಲ್ಲ, ಅದು ಯಾಕೆ ನಿಂತಿತು? ಬಾಗಿಲಿಗೆ ಬೀಗ, ನಾಣ್ಯ ಹಾಕುವ ಡಬ್ಬಿಗೆ ತುಕ್ಕು, ಒಳಗೆ ನೀರು ಸೋಸುವ ಪೊರೆ, ಅಂದರೆ ಮೆಂಬ್ರೇನ್, ಕಟ್ಟಿಕೊಂಡು ಕೂತಿದೆ. ಎಷ್ಟೋ ಕಡೆ ಹೊಸ ಘಟಕದ ದುಡ್ಡಿನ ಒಂದು ಪಾಲಿನಲ್ಲಿ ಹಳೆಯದು ನಡೆಯುತ್ತದೆ. ಉದ್ಘಾಟನೆಗೆ ರಿಬ್ಬನ್ ಸಿಗುವುದಿಲ್ಲ, ಅಷ್ಟೇ.

ಜಾಗ, ಕರೆಂಟ್, ಬೋರ್ ಪಂಚಾಯಿತಿಯವು. ಪಿಡಿಒ ಬಾಯಿ ಮಾತಿನಲ್ಲಿ "ಆಗ್ಲಿ ಮಾಡ್ರಿ" ಅಂದರೆ ಸಾಲದು, ಗ್ರಾಮ ಪಂಚಾಯಿತಿಯ ಠರಾವಿನ ನಕಲು ಬೇಕು. ಪಿಡಿಒಗೂ ವರ್ಗಾವಣೆ ಆಗುತ್ತದೆ.

ಯಾವ ಹಣ, ಯಾವ ಬಾಗಿಲು

ರೋಟರಿಯಲ್ಲಿ ಎರಡು ದಾರಿ. ಸಣ್ಣ ಕೆಲಸಕ್ಕೆ ಡಿಸ್ಟ್ರಿಕ್ಟ್ ಗ್ರಾಂಟ್, ಅದನ್ನು ನಿಮ್ಮ ಡಿಸ್ಟ್ರಿಕ್ಟೇ ಹಂಚುತ್ತದೆ (ಡಿಸ್ಟ್ರಿಕ್ಟ್ ಎಂದರೆ ರೋಟರಿ ಕ್ಲಬ್ಬುಗಳ ಗುಂಪು, ಸರ್ಕಾರದ ಜಿಲ್ಲೆಯಲ್ಲ). ದೊಡ್ಡದಕ್ಕೆ ಗ್ಲೋಬಲ್ ಗ್ರಾಂಟ್: ಯೋಜನೆಯ ಒಟ್ಟು ವೆಚ್ಚ ಕನಿಷ್ಠ 30,000 ಡಾಲರ್ ಇರಬೇಕು, ಅಂದರೆ ₹25 ಲಕ್ಷಕ್ಕೂ ಮೇಲೆ. ಬೇರೆ ದೇಶದ ಕ್ಲಬ್ಬೊಂದು ಜೊತೆಗಿರಬೇಕು. ಕೆಲಸ ರೋಟರಿಯ ಏಳು ಆದ್ಯತಾ ಕ್ಷೇತ್ರಗಳಲ್ಲಿ ಒಂದಕ್ಕೆ ಸೇರಿರಬೇಕು. ನೀರು ಮತ್ತು ನೈರ್ಮಲ್ಯ ಅದರಲ್ಲಿ ಒಂದು. ಡಿಸ್ಟ್ರಿಕ್ಟಿನ ಪಾಲಿನ ನಿಧಿಯಿಂದ ಹಾಕಿದ ಹಣಕ್ಕೆ ರೋಟರಿಯ ದತ್ತಿ ಸಂಸ್ಥೆಯಾದ ರೋಟರಿ ಫೌಂಡೇಷನ್ನಿನ ವಿಶ್ವ ನಿಧಿ 80% ಸೇರಿಸುತ್ತದೆ. 10,000 ಡಾಲರಿಗೆ 8,000. ಅಂದಹಾಗೆ ಆ ಡಿಸ್ಟ್ರಿಕ್ಟ್ ನಿಧಿ ಎಂದರೆ ಮೂರು ವರ್ಷದ ಹಿಂದೆ ಸದಸ್ಯರು ವಾರ್ಷಿಕ ನಿಧಿಗೆ ಕೊಟ್ಟದ್ದರ ಪಾಲು. ಈ ವರ್ಷ ಕೊಡದಿದ್ದರೆ ಮೂರು ವರ್ಷದ ನಂತರದ ಅಧ್ಯಕ್ಷರು ನಿಮ್ಮನ್ನು ನೆನೆಸಿಕೊಳ್ಳುತ್ತಾರೆ. ಗ್ಲೋಬಲ್ ಗ್ರಾಂಟಿಗೆ ಕ್ಲಬ್ ಪ್ರತಿ ವರ್ಷ ಅರ್ಹತೆ ಪಡೆಯಬೇಕು: ಗ್ರಾಂಟ್ ನಿರ್ವಹಣೆಯ ತರಬೇತಿಗೆ ಹಾಜರಿ, ಒಪ್ಪಂದ ಪತ್ರಕ್ಕೆ ಸಹಿ. ಲಯನ್ಸ್‌ನವರಿಗೆ 1968ರಲ್ಲಿ ಶುರುವಾದ ಅವರದೇ ಅಂತರರಾಷ್ಟ್ರೀಯ ಫೌಂಡೇಷನ್ ಇದೆ.

ಮೂರನೆಯ ಬಾಗಿಲು ಕಾರ್ಖಾನೆಗಳ ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ. ತೋರಣಗಲ್ಲು, ಗಿಣಿಗೇರಾ ಸುತ್ತ ಉಕ್ಕಿನ ಕಾರ್ಖಾನೆ ಇರುವ ನಮಗೆ ಇದು ಹತ್ತಿರದ ಬಾಗಿಲೇ. ಆದರೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್ ಹಣ ಪಡೆದು ಕೆಲಸ ಮಾಡುವ ಟ್ರಸ್ಟು, ಸೊಸೈಟಿಗಳು ಸಿಎಸ್‌ಆರ್-1 ಅರ್ಜಿ ಹಾಕಿ ನೋಂದಣಿ ಸಂಖ್ಯೆ ಪಡೆದಿರಬೇಕು. ಅದಕ್ಕೆ ಆದಾಯ ತೆರಿಗೆಯ ನೋಂದಣಿಗಳು ಮೊದಲೇ ಬೇಕು. ಹಾಗಾಗಿ ಕ್ಲಬ್ಬಿನ ಕೆಳಗೆ ಒಂದು ಟ್ರಸ್ಟ್ ಇಲ್ಲದವರು ಮೊದಲು ಊರಿನ ಚಾರ್ಟರ್ಡ್ ಅಕೌಂಟೆಂಟ್ ಬಳಿ ಹೋಗಿ.

ಇಲ್ಲಿ ಒಂದು ಬಲೆ ಇದೆ. ಊರಿನ ಹುಡುಗ ಅಮೆರಿಕದಲ್ಲಿದ್ದಾನೆ, "ಕಾಕಾ, ನಾನ್ ಎರಡ್ ಲಕ್ಷ ಹಾಕ್ತೀನಿ, ಅಕೌಂಟ್ ನಂಬರ್ ಕಳ್ಸು" ಎನ್ನುತ್ತಾನೆ. ನಂಬರ್ ಕಳಿಸುವ ಮುಂಚೆ "ಪಾಸ್‌ಪೋರ್ಟ್ ಯಾವ ದೇಶದ್ದಪ್ಪ?" ಎಂದು ಕೇಳಿ. ಭಾರತದ ಪೌರನಾಗಿಯೇ ಇದ್ದು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಆ ದೇಶದ ಪೌರತ್ವ ತೆಗೆದುಕೊಂಡಿದ್ದರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ಇಳಿಯಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಯಲ್ಲಿ. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನೂ ಆ ತಿದ್ದುಪಡಿ ನಿಲ್ಲಿಸಿತು. ಹಾಗಾಗಿ "ಅವರ ಟ್ರಸ್ಟಿಗೆ ಹಾಕಿಸಿ ನಮಗೆ ತಿರುಗಿಸೋಣ" ಎಂಬ ಉಪಾಯವೂ ನಡೆಯುವುದಿಲ್ಲ.

ಖಾತೆ, ಕೊಟೇಶನ್, ಬಿಲ್

ಗ್ರಾಂಟಿಗೆ ಬೇರೆಯದೇ ಬ್ಯಾಂಕ್ ಖಾತೆ ತೆರೆಯಿರಿ, ಇಬ್ಬರ ಸಹಿ ಇರಲಿ. ಪಿಕ್ನಿಕ್ಕಿನ ವಂತಿಗೆ, ಸಭೆಯ ಊಟದ ಖರ್ಚು ಅದರ ಹತ್ತಿರವೂ ಸುಳಿಯಬಾರದು. ಬ್ಯಾಂಕ್ ಕೊಡುವ ಬಡ್ಡಿಯೂ ಗ್ರಾಂಟಿನದೇ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂರು ಕೊಟೇಶನ್ ತರಿಸಿ ಎನ್ನುವುದು ಎಲ್ಲರಿಗೂ ಬಾಯಿಪಾಠ. ಒಮ್ಮೆ ನಮ್ಮ ಮುಂದೆ ಮೂರು ಅಂಗಡಿಯ ಮೂರು ಕೊಟೇಶನ್ ಬಂದವು. ಲೆಟರ್‌ಹೆಡ್ ಬೇರೆ, ದರ ಬೇರೆ, ಆದರೆ ಮೂರರಲ್ಲೂ 'ಸ್ಟೀಲ್ ಟ್ಯಾಂಕ್' ಎನ್ನುವುದು 'ಸ್ಟಿಲ್ ಟ್ಯಾಂಕ' ಆಗಿತ್ತು! ವಾಪಸು ಕಳಿಸಿದೆವು. ಸದಸ್ಯರದೇ ಅಂಗಡಿ ಇದ್ದರೆ ಸಭೆಯಲ್ಲಿ ಹೇಳಿ ನಡಾವಳಿಯಲ್ಲಿ ಬರೆಸಿ, ತೀರ್ಮಾನದ ಹೊತ್ತಿಗೆ ಅವರು ಹೊರಗಿರಲಿ. ಮುಚ್ಚಿಟ್ಟರೆ ಮಾತ್ರ ತೊಂದರೆ.

ನನ್ನ ದೊಡ್ಡ ತಪ್ಪು ತಾರೀಖಿನದು. ಮಂಜೂರಾತಿ ಪತ್ರ ಬಂದದ್ದು 18ನೇ ತಾರೀಖು. ಮಳೆ ಬರುವ ಮುಂಚೆ ಮುಗಿಸೋಣ ಎಂದು ಬೋರಿನಿಂದ ಘಟಕದವರೆಗೆ ಪೈಪ್ ಹಾಕಿಸಿದ್ದು 11ಕ್ಕೆ. ₹14,200ರ ಬಿಲ್. ಮಂಜೂರಾತಿಗೆ ಮುಂಚಿನ ಖರ್ಚು ಗ್ರಾಂಟಿನಲ್ಲಿ ಸೇರುವುದಿಲ್ಲ, ವರದಿ ನೋಡಿದವರು ಆ ಸಾಲನ್ನು ಹೊಡೆದು ಹಾಕಿದರು. ಪೈಪಿನವನು "ತಾರೀಖ್ ಬದ್ಲಿ ಮಾಡಿ ಕೊಡ್ತೀನ್ ಬಿಡ್ರಿ ಸರ" ಅಂದ. ಬೇಡವೆಂದು ನಾವು ಏಳು ಜನ ಕೈಯಿಂದ ಹಾಕಿಕೊಂಡೆವು.

ಬಿಲ್ ಕ್ಲಬ್ ಅಥವಾ ಟ್ರಸ್ಟಿನ ಹೆಸರಿನಲ್ಲಿರಲಿ, ಅಧ್ಯಕ್ಷರ ಹೆಸರಿನಲ್ಲಿ ಬೇಡ. ನಗದು ಬೇಡ. ಗುತ್ತಿಗೆದಾರನ ಒಂದು ಬಿಲ್ ₹30,000 ದಾಟಿದರೆ ಟಿಡಿಎಸ್ ಹಿಡಿಯುವ ಪ್ರಶ್ನೆ ಬರುತ್ತದೆ. (ನೀರಿನ ಟಿಡಿಎಸ್ ಬೇರೆ, ಅದು ನೀರಿನಲ್ಲಿ ಕರಗಿದ ಲವಣಗಳ ಅಳತೆ. ಬಿಲ್ಲಿನ ಟಿಡಿಎಸ್ ಬೇರೆ, ಅದು ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ. ಒಂದು ಸಭೆಯಲ್ಲಿ ಇವೆರಡರ ನಡುವೆ ಕಾಲು ಗಂಟೆ ಜಗಳವೇ ಆಗಿತ್ತು.) ಥರ್ಮಲ್ ಕಾಗದದ ರಸೀದಿ ಆರು ತಿಂಗಳಲ್ಲಿ ಬೆಳ್ಳಗಾಗುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿ. ಉದ್ಘಾಟನೆಯ ಪೆಂಡಾಲು, ಶಾಲು, ಊಟ ಗ್ರಾಂಟಿನಲ್ಲಿ ಬರುವುದಿಲ್ಲ. ನಾಮಫಲಕಕ್ಕೂ ಮಿತಿ ಇದೆ.

ನೀರು ಬಂದ ಮೇಲೆ

ಅಸಲಿ ಲೆಕ್ಕ ಇಲ್ಲಿಂದ ಶುರು. 20 ಲೀಟರಿನ ಕ್ಯಾನಿಗೆ ₹5 ಇಟ್ಟು ದಿನಕ್ಕೆ 60 ಕ್ಯಾನ್ ಹೋದರೆ ₹300, ತಿಂಗಳಿಗೆ ₹9,000. ನೋಡಿಕೊಳ್ಳುವವರ ಸಂಬಳ, ಕರೆಂಟ್, ಫಿಲ್ಟರ್ ಕಳೆದು ಉಳಿದದ್ದನ್ನು ಮೆಂಬ್ರೇನ್ ಬದಲಾವಣೆಗೆಂದು ಬೇರೆ ಇಡದಿದ್ದರೆ ನಿಮ್ಮ ಘಟಕಕ್ಕೂ ಬೀಗವೇ ಗತಿ. ಮಳೆಗಾಲದಲ್ಲಿ 60 ಕ್ಯಾನ್ 25ಕ್ಕೆ ಇಳಿಯುತ್ತದೆ, ಅದನ್ನೂ ಲೆಕ್ಕದಲ್ಲಿಡಿ. ನಾವು ಊರಿನ ಸ್ತ್ರೀಶಕ್ತಿ ಸಂಘಕ್ಕೆ ಕೀಲಿ ಕೊಟ್ಟೆವು. ಗೋಡೆಗೆ ದಾರದಲ್ಲಿ ಕಟ್ಟಿದ ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನದ ಕ್ಯಾನ್, ಬಂದ ಹಣ, ಮೀಟರಿನ ಅಂಕಿ ಬರೆಯುತ್ತಾರೆ. ಕೊನೆಯ ವರದಿಗೆ ಇದಕ್ಕಿಂತ ಒಳ್ಳೆಯ ದಾಖಲೆ ನಮಗೆ ಸಿಗಲಿಲ್ಲ. ಫಿಲ್ಟರಿನಿಂದ ಹೊರಬರುವ ತ್ಯಾಜ್ಯ ನೀರು ಎಲ್ಲಿಗೆ ಹೋಗುತ್ತದೆ ಎನ್ನುವುದನ್ನೂ ಮೊದಲೇ ತೀರ್ಮಾನಿಸಿ, ಇಲ್ಲದಿದ್ದರೆ ಘಟಕದ ಮುಂದೆ ಕೆಸರು.

ವರದಿ ಮತ್ತು ಜೂನ್ 30

ಗ್ಲೋಬಲ್ ಗ್ರಾಂಟಿಗೆ ಪ್ರತಿ 12 ತಿಂಗಳಿಗೊಮ್ಮೆ ಪ್ರಗತಿ ವರದಿ, ಕೆಲಸ ಮುಗಿದ ಎರಡು ತಿಂಗಳಲ್ಲಿ ಅಂತಿಮ ವರದಿ. ವರದಿ ಬಾಕಿ ಉಳಿದ ಕ್ಲಬ್ಬಿನ ಹೊಸ ಅರ್ಜಿಯನ್ನು ಫೌಂಡೇಷನ್ ತೆಗೆದುಕೊಳ್ಳುವುದಿಲ್ಲ. ದಾಖಲೆಗಳನ್ನು ಕನಿಷ್ಠ ಐದು ವರ್ಷ ಇಡಬೇಕು. ಐದು ವರ್ಷವೆಂದರೆ ಐದು ಅಧ್ಯಕ್ಷರು.

ಜೂನ್ 30ರ ಒಳಗೆ ಹಳೆಯ ಖಜಾಂಚಿ, ಹೊಸ ಖಜಾಂಚಿ ಇಬ್ಬರೂ ಕೂತು ಫೈಲಿನ ಹಾಳೆ ಎಣಿಸಿ, ಪಾಸ್‌ಬುಕ್ಕಿನ ಬಾಕಿ ಬರೆದು, ಹಸ್ತಾಂತರ ಪುಸ್ತಕದಲ್ಲಿ ಸಹಿ ಮಾಡಿ. ಫೈಲು ಕ್ಲಬ್ಬಿನ ಕಪಾಟಿನಲ್ಲಿರಲಿ, ಒಂದು ಪ್ರತಿ ಕ್ಲಬ್ಬಿನ ಮಿಂಚಂಚೆ ಖಾತೆಯಲ್ಲಿರಲಿ. ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ಠರಾವು, ಕೆವೈಸಿ, ಮ್ಯಾನೇಜರ್ ರಜೆ ಎಂದು ವಾರಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಪಂಪಿನವನ ಚೆಕ್ ನಿಂತಿರುತ್ತದೆ. ಅದಕ್ಕೇ ನಾವು ಗ್ರಾಂಟ್ ಖಾತೆಯ ಎರಡು ಸಹಿಗಳಲ್ಲಿ ಒಂದನ್ನು ಅಂತಿಮ ವರದಿ ಹೋಗುವ ತನಕ ಬದಲಾಯಿಸುವುದೇ ಇಲ್ಲ.