ಕಾರ್ಟ್ರಿಜ್ ಬತ್ತುವ ಮೊದಲೇ ಶಾಯಿ ತುಂಬಿ

ಇಂಕ್‌ಜೆಟ್ ಪ್ರಿಂಟರಿನ ಶಾಯಿ ಡಬ್ಬಿಯನ್ನು, ಅಂದರೆ ಕಾರ್ಟ್ರಿಜನ್ನು, ರೀಫಿಲ್ ಮಾಡಿದರೆ ಬಾಳಿಕೆ ಬರುವುದಿಲ್ಲ ಎನ್ನುವವರಲ್ಲಿ ಹೆಚ್ಚಿನವರು ತುಂಬಿದ್ದು ತಡವಾಗಿ. ಎಚ್‌ಪಿ 803, ಕ್ಯಾನನ್ 745–746ರಂಥವುಗಳಲ್ಲಿ ಶಾಯಿ ಚಿಮ್ಮಿಸುವ ಪ್ರಿಂಟ್ ಹೆಡ್ ಇರುವುದು ಕಾರ್ಟ್ರಿಜ್‌ನ ತಳದಲ್ಲೇ. ಕೂದಲೆಳೆಗಿಂತ ಸಪೂರದ ತೂತುಗಳ (ನಾಜಲ್) ಹಿಂದೆ ಪುಟ್ಟ ಹೀಟರ್‌ಗಳಿದ್ದು, ಶಾಯಿ ಕಾದು ಗುಳ್ಳೆಯೆದ್ದು ಹನಿಯನ್ನು ಕಾಗದಕ್ಕೆ ಚಿಮ್ಮಿಸುತ್ತದೆ. ಹೀಟರನ್ನು ತಣಿಸುವುದೂ ಆ ಶಾಯಿಯೇ. ಖಾಲಿ ಕಾರ್ಟ್ರಿಜ್‌ನಲ್ಲಿ ‘ಇನ್ನೆರಡು ಪುಟ’ ಎಂದು ಎಳೆದರೆ ಹೀಟರ್ ಸುಟ್ಟುಹೋಗುತ್ತದೆ. ಆಮೇಲೆ ಎಷ್ಟು ತುಂಬಿದರೂ ದಂಡ. ಒಳಗಿನ ಸ್ಪಂಜಿನದೂ ಅದೇ ಪಾಡು. ಬೇಸಗೆಯಲ್ಲಿ ಬಿರಿದ ಅಡಿಕೆ ತೋಟಕ್ಕೆ ನೀರು ಬಿಟ್ಟರೆ ಮೇಲಿಂದಲೇ ಹರಿದುಹೋಗುವಂತೆ, ಒಣಗಿದ ಸ್ಪಂಜೂ ಶಾಯಿಯನ್ನು ಹೀರುವುದಿಲ್ಲ.

ಹಾಗಾಗಿ ಹೊಸ ಕಾರ್ಟ್ರಿಜ್ ತಂದ ದಿನವೇ ಸಣ್ಣ ತಕ್ಕಡಿಯಲ್ಲಿ ತೂಗಿ, ತೂಕವನ್ನು ಅದರ ಮೈಮೇಲೆ ಪೆನ್ನಿನಿಂದ ಬರೆದಿಡಿ. ಒಂದು ಮಿ.ಲೀ. ಶಾಯಿ ಎಂದರೆ ಹೆಚ್ಚುಕಡಿಮೆ ಒಂದು ಗ್ರಾಂ. ಎಷ್ಟು ಇಳಿದಿದೆಯೋ ಅದಕ್ಕಿಂತ ತುಸು ಕಡಿಮೆ ತುಂಬಿದರಾಯಿತು. ತೂಗದೆ ಇದ್ದವರು ಕಪ್ಪಿಗೆ 4, ಬಣ್ಣದ ಪ್ರತಿ ಕೋಣೆಗೆ 1.5 ಮಿ.ಲೀ. ದಾಟಬೇಡಿ.

ಬೇಕಾದದ್ದು: ಬಣ್ಣಕ್ಕೊಂದರಂತೆ 5 ಮಿ.ಲೀ.ನ ಸಿರಿಂಜ್ ಮತ್ತು ಸೂಜಿ, ಕೈಗವಸು, ಟಿಶ್ಯೂ, ಮರದ ಹಲ್ಲುಕಡ್ಡಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ನಮ್ಮ ಕಡೆಯ ಮುರಕಲ್ಲಿನ ಬಾವಿನೀರಿನಲ್ಲಿ ಕಬ್ಬಿಣದಂಶ ಇರುವುದುಂಟು, ನಾಜಲ್‌ಗೆ ಅದು ಬೇಡ. ಶಾಯಿ ಕೊಳ್ಳುವಾಗ ಡೈಯೋ (ದ್ರವದಲ್ಲಿ ಕರಗಿದ ಬಣ್ಣ) ಪಿಗ್ಮೆಂಟೋ (ಕರಗದ ಸಣ್ಣ ಕಣಗಳ ಬಣ್ಣ) ಎಂದು ಕೇಳಿ. ಕ್ಯಾನನ್ ಪಿಜಿ-745ರ ಕಪ್ಪು ಪಿಗ್ಮೆಂಟ್, ಸಿಎಲ್-746ರ ಬಣ್ಣಗಳು ಡೈ. ಎರಡನ್ನೂ ಬೆರೆಸಿದರೆ ಹೆಪ್ಪುಗಟ್ಟಿ ನಾಜಲ್ ಕಟ್ಟಿಕೊಳ್ಳಬಹುದು. ಪಿಗ್ಮೆಂಟ್ ಹಾಕುವ ಕಾರ್ಟ್ರಿಜ್ ಇದ್ದರೆ ಮಳೆಗಾಲಕ್ಕೆ ಅದೇ ವಾಸಿ. ಡೈ ಶಾಯಿಯಲ್ಲಿ ಮುದ್ರಿಸಿದ ಅರ್ಜಿ ಅಕ್ಷಯ ಕೇಂದ್ರದಿಂದ (ಕೇರಳದ ಸರಕಾರಿ ಆನ್‌ಲೈನ್ ಸೇವಾ ಕೇಂದ್ರ) ವಿಲ್ಲೇಜ್ ಆಫೀಸಿಗೆ ತಲುಪುವಷ್ಟರಲ್ಲಿ ನಾಲ್ಕು ಹನಿ ಬಿದ್ದರೂ ಹರಡಿಬಿಡುತ್ತದೆ.

ಮೇಲಿನ ಸ್ಟಿಕ್ಕರನ್ನು ಹರಿಯದಂತೆ ಎಬ್ಬಿಸಿ. ಕಪ್ಪಿಗೆ ಶಾಯಿ ಹಾಕುವ ತೂತು ಸಾಮಾನ್ಯವಾಗಿ ಒಂದು, ಬಣ್ಣಕ್ಕೆ ಮೂರು. ಯಾವ ತೂತಿನಲ್ಲಿ ಯಾವ ಬಣ್ಣ ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ಅಂದಾಜು ಬೇಡ, ಪ್ರತಿ ತೂತಿಗೂ ಹೊಸ ಹಲ್ಲುಕಡ್ಡಿ ಅದ್ದಿ ನೋಡಿ. ನಾಜಲ್ ಕೆಳಮುಖವಾಗಿರಲಿ, ಆದರೆ ಟಿಶ್ಯೂಗೆ ತಾಗದಿರಲಿ. ತಾಗಿದರೆ ತುಂಬಿದ್ದನ್ನೆಲ್ಲ ಅದೇ ಹೀರುತ್ತದೆ. ಸೂಜಿಯನ್ನು ಒಂದು ಸೆಂ.ಮೀ.ನಷ್ಟು ಸ್ಪಂಜಿನೊಳಗೆ ಇಳಿಸಿ, ಒಂದು ಮಿ.ಲೀ.ಗೆ ಅರ್ಧ ನಿಮಿಷವಾದರೂ ತಗಲುವಷ್ಟು ನಿಧಾನಕ್ಕೆ ಒತ್ತಿ. ಅವಸರ ಮಾಡಿದರೆ ಗಾಳಿಗುಳ್ಳೆ ಸಿಕ್ಕಿಕೊಂಡು ಮುದ್ರಣ ನಡುವೆಯೇ ನಿಲ್ಲುತ್ತದೆ. ತೂತಿನ ಬಾಯಿಗೆ ಶಾಯಿ ಉಕ್ಕಿ ಬಂತೋ, ಅಲ್ಲಿಗೇ ನಿಲ್ಲಿಸಿ ಅರ್ಧ ಮಿ.ಲೀ. ವಾಪಸ್ ಎಳೆಯಿರಿ. ಇಲ್ಲದಿದ್ದರೆ ಪಕ್ಕದ ಕೋಣೆಗೆ ಇಳಿದು ಹಳದಿಯೆಲ್ಲ ಹಸಿರಾಗುತ್ತದೆ.

ಸ್ಟಿಕ್ಕರನ್ನು ಮೊದಲಿದ್ದಂತೆಯೇ ಅಂಟಿಸಿ. ಅದರ ಕೆಳಗಿನ ಸಪೂರ ಗೀರುಗಳು ಗಾಳಿ ಹೋಗುವ ದಾರಿ. ಮೇಲಿಂದ ಸೆಲ್ಲೋಟೇಪ್ ಬಿಗಿದು ಅವನ್ನು ಮುಚ್ಚಿದರೆ ಎರಡು ಪುಟದ ನಂತರ ಶಾಯಿ ಇಳಿಯುವುದಿಲ್ಲ.

ಹತ್ತು ನಿಮಿಷ ಬಿಟ್ಟು, ಡಿಸ್ಟಿಲ್ಡ್ ವಾಟರಿನಲ್ಲಿ ತುಸು ಒದ್ದೆ ಮಾಡಿದ ಟಿಶ್ಯೂ ಮೇಲೆ ನಾಜಲನ್ನು ಒತ್ತಿ ಎತ್ತಿ, ಉಜ್ಜಬೇಡಿ. ಕಪ್ಪಿನದಾದರೆ ತುಂಡಾಗದ ಒಂದು ಪಟ್ಟೆ, ಬಣ್ಣದ್ದಾದರೆ ಮೂರು ಬೇರೆ ಬೇರೆ ಪಟ್ಟೆ ಮೂಡಬೇಕು. ತಾಮ್ರಬಣ್ಣದ ಸಂಪರ್ಕ ಬಿಂದುಗಳನ್ನು ಒಣಗಿಸಿಯೇ ಪ್ರಿಂಟರಿಗೆ ಹಾಕಿ.

ಪರದೆಯಲ್ಲಿ ‘ಶಾಯಿ ಖಾಲಿ’ ಎಂದೇ ಬರಬಹುದು, ಗಾಬರಿ ಬೇಡ. ಪ್ರಿಂಟರ್ ಚಿಮ್ಮಿಸಿದ ಹನಿಗಳ ಲೆಕ್ಕ ಇಡುತ್ತದೆಯೇ ಹೊರತು ಒಳಗೆ ಇಣುಕುವುದಿಲ್ಲ. ಕ್ಯಾನನ್‌ನ ಹೆಚ್ಚಿನ ಮಾಡೆಲ್‌ಗಳಲ್ಲಿ ಸ್ಟಾಪ್ ಗುಂಡಿಯನ್ನು ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಕೆಲಸ ಮುಂದುವರಿಯುತ್ತದೆ. ಎಚ್‌ಪಿಯಲ್ಲಿ ಸಾಮಾನ್ಯವಾಗಿ ಸಂದೇಶಕ್ಕೆ ‘ಓಕೆ’ ಕೊಟ್ಟರೆ ಸಾಕು.

ಪರೀಕ್ಷೆಗೆ ಪ್ರಿಂಟರಿನ ಟೆಸ್ಟ್ ಪುಟದ ಜೊತೆಗೆ ಒತ್ತಕ್ಷರ ತುಂಬಿದ ಒಂದು ಕನ್ನಡ ಪುಟವನ್ನೂ 10 ಪಾಯಿಂಟ್‌ನಲ್ಲಿ ತೆಗೆಯಿರಿ. ನಾಜಲ್ ಕಟ್ಟಿದ್ದರೆ ಬಿಳಿ ಗೆರೆ ಅಡ್ಡ ಹಾಯುತ್ತದೆ. ಅದು ‘ಧ’ದ ಕೆಳಗಿನ ಸೀಳಿನ ಮೇಲೇ ಬಿದ್ದರೆ ಅಕ್ಷರ ‘ದ’ ಆಗಿಬಿಡುತ್ತದೆ. ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ಇದು ಸಣ್ಣ ತಪ್ಪಲ್ಲ. ಗೆರೆ ಕಂಡರೆ ಪ್ರಿಂಟರಿನ ಹೆಡ್ ಕ್ಲೀನಿಂಗ್ ಎರಡು ಸಲ ಕೊಡಿ, ಹೆಚ್ಚು ಬೇಡ. ಪ್ರತಿ ಸಲವೂ ಶಾಯಿ ಪೋಲಾಗುತ್ತದೆ. ಆಗಲೂ ಗೆರೆ ಇದ್ದರೆ ಒಂದು ರಾತ್ರಿ ಬಿಟ್ಟು ನೋಡಿ, ಗಾಳಿಗುಳ್ಳೆ ತಾನೇ ಮೇಲೇರಿರಬಹುದು. ತುಂಬಿದ ಮೇಲೆ ವಾರಕ್ಕೊಂದು ಪುಟವಾದರೂ ಮುದ್ರಿಸಿ.

ಒಂದು ಕಾರ್ಟ್ರಿಜ್ ಸಾಮಾನ್ಯವಾಗಿ ಮೂರರಿಂದ ಐದು ರೀಫಿಲ್ ತಾಳುತ್ತದೆ. ಟಿಶ್ಯೂ ಮೇಲಿನ ಪಟ್ಟೆ ಪೂರ್ತಿ ಬಂದರೂ ಕಾಗದದಲ್ಲಿ ಅಕ್ಷರ ತುಂಡಾಗಿಯೇ ಬಂದರೆ ಹೀಟರ್ ಸತ್ತಿದೆ ಎಂದು ತಿಳಿಯಿರಿ. ಅದನ್ನು ತೋಟದ ಮೂಲೆಗೆ ಎಸೆಯಬೇಡಿ, ಸುಡಲೂಬೇಡಿ. ಇ-ತ್ಯಾಜ್ಯ ನಿಯಮಗಳಲ್ಲಿ ಪ್ರಿಂಟರಿನೊಂದಿಗೆ ಕಾರ್ಟ್ರಿಜ್ ಕೂಡ ಸೇರಿದೆ. ನಾಜಲ್‌ಗೆ ಟೇಪ್ ಹಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು ಬಂದಾಗ, ನಿಮ್ಮ ಪಂಚಾಯತಿನಲ್ಲಿ ಇ-ತ್ಯಾಜ್ಯ ಸಂಗ್ರಹ ಯಾವಾಗ ಎಂದು ಕೇಳಿ ಕೊಟ್ಟುಬಿಡಿ.