ಅಗಲ ಕೆಡದ ಹಾಗೆ ಕ್ರಿಸ್‌ಮಸ್ ಮಫ್ಲರ್ ಹೆಣೆಯುವುದು ಹೇಗೆ?

ಕ್ರಿಸ್‌ಮಸ್‌ಗೆ ಕೈಯಾರೆ ಹೆಣೆದ ಮಫ್ಲರ್ ಕೊಡಬೇಕು ಅಂತಿದ್ದರೆ ನವೆಂಬರ್ ಮುಗಿಯುವ ಮೊದಲೇ ಕಡ್ಡಿ ಹಿಡಿಯಿರಿ. ಒಂದೂವರೆ ಮೀಟರ್ ಉದ್ದಕ್ಕೆ ಹತ್ತಿರ ಹತ್ತಿರ 650 ಸಾಲು ಬೇಕು. ಹೊಸಬರಿಗೆ ಸಾಲಿಗೆ ಎರಡು ನಿಮಿಷ ಹಿಡಿಯುತ್ತದೆ, ಅಂದರೆ ದಿನಾ ಒಂದು ಗಂಟೆ ಕೂತರೂ ಮೂರು ವಾರ ದಾಟುತ್ತದೆ. ಡಿಸೆಂಬರ್ 20ಕ್ಕೆ ಶುರು ಮಾಡಿದವರು ಕೊನೆಗೆ ಅಂಗಡಿಗೇ ಓಡುತ್ತಾರೆ.

ಬಳ್ಳಾರಿ ಬಿಸಿಲಿಗೆ ಮಫ್ಲರ್ ಯಾಕೆ ಅಂತ ಕೇಳುವವರಿದ್ದಾರೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಬಿಸಿಲು ಇರುತ್ತದೆ ನಿಜ. ಆದರೆ 24ರ ರಾತ್ರಿ ಪೂಜೆ ಮುಗಿಸಿ ಚರ್ಚಿನಿಂದ ಮನೆಗೆ ಬೈಕಿನಲ್ಲಿ ಹೋಗುವಾಗ, ಬೆಳಗಿನ ಜಾವ ಹಾಲು ತರಲು ಹೊರಟಾಗ ಕಿವಿ ಮುಚ್ಚಿಕೊಳ್ಳಲು ಏನಾದರೂ ಬೇಕೇ ಬೇಕು. ತಾತಂದಿರಿಗಂತೂ ಇದಕ್ಕಿಂತ ಒಳ್ಳೆಯ ಉಡುಗೊರೆ ನನಗೆ ಗೊತ್ತಿಲ್ಲ.

ಮೊದಲು ದಾರ. 200 ಗ್ರಾಂ ಸಾಮಾನ್ಯ ಅಕ್ರಿಲಿಕ್ ಉಲ್ಲನ್ ಸಾಕು. ಉಂಡೆಯ ಪಟ್ಟಿ ಮೇಲೆ 4 ಎಂಎಂ ಕಡ್ಡಿ ಅಂತ ಇರುವುದನ್ನೇ ಆರಿಸಿ. ಎಲ್ಲ ಉಂಡೆಗಳನ್ನೂ ಒಟ್ಟಿಗೆ ಕೊಳ್ಳಿ, ಪಟ್ಟಿಯ ಮೇಲಿನ ಲಾಟ್ ನಂಬರ್ ಒಂದೇ ಇದೆಯಾ ನೋಡಿ. ಲಾಟ್ ಬೇರೆಯಾದರೆ ಅಂಗಡಿಯಲ್ಲಿ ಒಂದೇ ಥರ ಕಂಡ ಬಣ್ಣ, ಹೆಣೆದ ಮೇಲೆ ಮಧ್ಯದಲ್ಲಿ ಗೆರೆ ಎಳೆದ ಹಾಗೆ ಬೇರೆಯಾಗಿ ಕಾಣುತ್ತದೆ. ಫರ್ ಥರದ ರೋಮದ ದಾರ ಬೇಡವೇ ಬೇಡ. ನೋಡಲು ಚೆಂದ, ಆದರೆ ಕುಣಿಕೆ ಕಣ್ಣಿಗೇ ಕಾಣುವುದಿಲ್ಲ, ತಪ್ಪಿದರೆ ಬಿಚ್ಚಲೂ ಬರುವುದಿಲ್ಲ. ಮಿಂಚಿನ ಎಳೆ ಇರುವುದು ಕತ್ತಿಗೆ ಚುಚ್ಚುತ್ತದೆ. ಬಿಳಿ ಬಣ್ಣವನ್ನೂ ನಾನು ಯಾರಿಗೂ ಹೇಳುವುದಿಲ್ಲ. ಸಂಡೂರು, ತೋರಣಗಲ್ಲು ಕಡೆ ಓಡಾಡುವವರ ಕೊರಳಲ್ಲಿ ಅದು ವಾರದೊಳಗೆ ಕೆಂಪು ಧೂಳಿನ ಬಣ್ಣಕ್ಕೆ ತಿರುಗುತ್ತದೆ. ಮೆರೂನ್, ಕಡು ಹಸಿರು ಒಳ್ಳೆಯದು.

ಕಡ್ಡಿ ಕೊಳ್ಳುವಾಗ ನಂಬರ್ ಹೇಳಬೇಡಿ, ಎಂಎಂ ಹೇಳಿ. ನಮ್ಮಲ್ಲಿ ಸಿಗುವ 8ನೇ ನಂಬರ್ ಕಡ್ಡಿ 4 ಎಂಎಂ. ಯೂಟ್ಯೂಬ್‌ನಲ್ಲಿ ಅಮೆರಿಕದವರು ಹೇಳುವ 8ನೇ ನಂಬರ್ 5 ಎಂಎಂ. ನಮ್ಮಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ, ಅವರಲ್ಲಿ ದಪ್ಪ. ಇದು ಗೊತ್ತಿಲ್ಲದೆ ವಿಡಿಯೊ ನೋಡಿ ಹೆಣೆದವರ ಮಫ್ಲರ್ ಹಲಗೆಯಂತೆ ಬಿರುಸಾಗಿರುತ್ತದೆ.

40 ಕುಣಿಕೆ ಏರಿಸಿ. ಸುಮಾರು 18 ಸೆಂ.ಮೀ. ಅಗಲ ಬರುತ್ತದೆ. ಆಮೇಲೆ ಎಲ್ಲ ಸಾಲನ್ನೂ ಸೀದಾ ಹೆಣೆಯಿರಿ: ಬಲಗಡ್ಡಿಯನ್ನು ಕುಣಿಕೆಯೊಳಗೆ ಎಡದಿಂದ ಬಲಕ್ಕೆ ತೂರಿಸಿ, ದಾರ ಸುತ್ತಿ, ಹೊರಗೆಳೆದು, ಹಳೆಯ ಕುಣಿಕೆಯನ್ನು ಜಾರಿಸಿ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕಿದರೆ ಒಂದು ಮುಖ ನುಣುಪಾಗಿರುತ್ತದೆ ಅಂತ ಆಸೆಪಡಬೇಡಿ. ಮಫ್ಲರಿನ ಎರಡೂ ಅಂಚು ಒಳಗೆ ಸುರುಳಿ ಸುತ್ತಿಕೊಂಡು ಕೊಳವೆ ಆಗುತ್ತದೆ, ಆಮೇಲೆ ಏನು ಮಾಡಿದರೂ ಬಿಚ್ಚಿಕೊಳ್ಳುವುದಿಲ್ಲ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಒಂದು ಗೇಣು ಅಗಲದಲ್ಲಿ ಶುರುವಾದ ಮಫ್ಲರ್ ಮುಗಿಯುವಾಗ ಒಂದೂವರೆ ಗೇಣು ಆಗಿರುವುದನ್ನು ಎಷ್ಟು ಸಲ ನೋಡಿದ್ದೇನೋ. ಕೈ ಸಡಿಲವಾಯಿತು ಅಂತ ಅವರು ಅಂದುಕೊಳ್ಳುತ್ತಾರೆ. ಕೈಯದಲ್ಲ, ಅಂಚಿನದು ತಪ್ಪು.

ಸಾಲು ಮುಗಿಸಿ ಕಡ್ಡಿ ತಿರುಗಿಸಿದಾಗ ದಾರ ನಿಮ್ಮ ಎದುರಿಗೆ, ಮೊದಲ ಕುಣಿಕೆಯ ಬುಡದಿಂದ ಕೆಳಗೆ ಇಳಿಬಿದ್ದಿರುತ್ತದೆ. ಸೀದಾ ಹೆಣೆಯಲು ದಾರ ಹಿಂದೆ ಬೇಕಲ್ವಾ ಅಂತ ಅದನ್ನು ಕಡ್ಡಿಯ ಮೇಲಿನಿಂದ ಹಿಂದಕ್ಕೆ ಎಳೆದುಬಿಡುತ್ತೇವೆ. ಎಳೆದ ಕೂಡಲೇ ಆ ಒಂದು ಕುಣಿಕೆಯ ಎರಡು ಎಳೆಗಳೂ ಕಡ್ಡಿಯ ಮೇಲೆ ಏರಿ ಕೂರುತ್ತವೆ, ಎರಡು ಕುಣಿಕೆಯಂತೆ ಕಾಣುತ್ತವೆ. ಎರಡನ್ನೂ ಹೆಣೆದರೆ 40 ಇದ್ದದ್ದು 41. ಮುಂದಿನ ಸಾಲಲ್ಲಿ 42. ಯಾರೂ ಎಣಿಸುವುದಿಲ್ಲ, ಮಫ್ಲರ್ ಸುಮ್ನೆ ಅಗಲವಾಗುತ್ತಾ ಹೋಗುತ್ತದೆ.

ಆದ್ದರಿಂದ ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯಲೇ ಬೇಡಿ. ದಾರ ಎದುರಿಗೇ ಇರಲಿ. ಬಲಗಡ್ಡಿಯ ತುದಿಯನ್ನು ಆ ಕುಣಿಕೆಯೊಳಗೆ ಬಲದಿಂದ ಎಡಕ್ಕೆ ತೂರಿಸಿ, ಹಾಗೇ ಬಲಗಡ್ಡಿಗೆ ದಾಟಿಸಿ. ಈಗ ದಾರವನ್ನು ಎರಡು ಕಡ್ಡಿಗಳ ತುದಿಗಳ ನಡುವಿನಿಂದ, ಯಾವ ಕಡ್ಡಿಯ ಮೇಲೂ ಹತ್ತಿಸದೆ, ಹಿಂದಕ್ಕೆ ಒಯ್ಯಿರಿ. ಎರಡನೇ ಕುಣಿಕೆಯಿಂದ ಸೀದಾ ಹೆಣಿಗೆ. ಅಂಚಿನಲ್ಲಿ ಜಡೆಯ ಥರ ಒಪ್ಪವಾದ ಸರಪಳಿ ಬರುತ್ತದೆ. ಎರಡು ಸಾಲಿಗೆ ಒಂದು ಸರಪಳಿ ಕೊಂಡಿ, ಹಾಗಾಗಿ ಸಾಲು ಎಣಿಸುವುದೂ ಸಲೀಸು.

ಹತ್ತು ಸಾಲಿಗೊಮ್ಮೆ ಕುಣಿಕೆ ಎಣಿಸಿ. 40ಕ್ಕಿಂತ ಒಂದು ಜಾಸ್ತಿ ಬಂದರೆ ತಪ್ಪಿದ ಸಾಲಿನವರೆಗೆ ಬಿಚ್ಚಿ. ಎರಡು ಕುಣಿಕೆ ಸೇರಿಸಿ ಹೆಣೆದು ಲೆಕ್ಕ ಸರಿಮಾಡುವ ಅಡ್ಡದಾರಿ ಕೆಲವರು ಹೇಳಿಕೊಡುತ್ತಾರೆ. ಲೆಕ್ಕ ಸರಿಯಾಗುತ್ತದೆ, ಆದರೆ ಅಂಚಿನಲ್ಲಿ ಗಂಟು ಉಬ್ಬಿ ನಿಲ್ಲುತ್ತದೆ. ಬಿಚ್ಚುವುದೇ ಸರಿ. ಕುಣಿಕೆ ಕೆಳಗೆ ಜಾರಿದ್ದು ಕಂಡರೆ ಮೊದಲು ಅದಕ್ಕೊಂದು ಪಿನ್ನು ಚುಚ್ಚಿ, ಆಮೇಲೆ ಯೋಚಿಸಿ.

ಮಧ್ಯಾಹ್ನ ಹೆಣೆಯಬೇಡಿ. ಬೆವರಿದ ಕೈಗೆ ದಾರ ಅಂಟುತ್ತದೆ, ಹೆಣಿಗೆ ಬಿಗಿಯಾಗುತ್ತದೆ. ರಾತ್ರಿ ಊಟ ಆದಮೇಲೆ ಎಲ್ಲರೂ ಕೂತು ಮಾತಾಡುವಾಗ ಹಿಡಿಯಿರಿ. ಒಗ್ಗಾಣಿ ಮಿರ್ಚಿ ಪಕ್ಕದಲ್ಲಿದ್ದರೆ ಅದನ್ನು ಮುಗಿಸಿ, ಸೋಪು ಹಾಕಿ ಕೈ ತೊಳೆದೇ ಕೂರಿ. ತಿಳಿ ಬಣ್ಣದ ಉಲ್ಲನ್ನಿಗೆ ಎಣ್ಣೆ ಹತ್ತಿದರೆ ಕಲೆ ಸುಲಭಕ್ಕೆ ಹೋಗುವುದಿಲ್ಲ.

ಹೊಸ ಉಂಡೆ ಸೇರಿಸುವುದು ಸಾಲಿನ ಅಂಚಿನಲ್ಲಿ ಮಾತ್ರ. ಬಿಗಿಯಾಗಿ ಗಂಟು ಹಾಕಿ ಬುಡಕ್ಕೇ ಕತ್ತರಿಸಬೇಡಿ, ಒಗೆದಾಗ ಬಿಚ್ಚಿಕೊಳ್ಳುತ್ತದೆ. ಎರಡೂ ತುದಿ ಒಂದು ಗೇಣು ಬಿಟ್ಟು, ಕೊನೆಗೆ ದಪ್ಪ ಸೂಜಿಯಿಂದ ಅಂಚಿನೊಳಗೇ ಹಾಯಿಸಿ.

ಉದ್ದ ಸಾಕಾದ ಮೇಲೆ ಕೊನೆಯ ಸಾಲಿನ ಕುಣಿಕೆಗಳನ್ನು ಮುಚ್ಚುವಾಗ ಕೈ ತಾನಾಗೇ ಬಿಗಿಯಾಗುತ್ತದೆ. ಬಲಗೈಗೆ 4.5 ಎಂಎಂ ಕಡ್ಡಿ, ಅಂದರೆ ನಮ್ಮ 7ನೇ ನಂಬರ್ ತೆಗೆದುಕೊಳ್ಳಿ. ಎರಡು ಕುಣಿಕೆ ಹೆಣೆದು ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸಿ, ಇನ್ನೊಂದು ಹೆಣೆಯಿರಿ, ಮತ್ತೆ ದಾಟಿಸಿ. ತುದಿಗೆ ಕುಚ್ಚು ಹಾಕುವುದು ನಿಮ್ಮಿಷ್ಟ, ಮಕ್ಕಳಿಗಾದರೆ ಬೇಡ, ಬಾಯಿಗೆ ಹಾಕಿಕೊಳ್ಳುತ್ತಾರೆ.

ಇಸ್ತ್ರಿ ಪೆಟ್ಟಿಗೆ ಹತ್ತಿರ ತರಬೇಡಿ. ಬಿಸಿಗೆ ಅಕ್ರಿಲಿಕ್ ಸತ್ತುಹೋಗುತ್ತದೆ, ಜೋತುಬಿದ್ದ ಬಟ್ಟೆ ಮತ್ತೆ ನೆಟ್ಟಗಾಗುವುದಿಲ್ಲ. ನೀರು ಚಿಮುಕಿಸಿ ಟವೆಲ್ ಮೇಲೆ ನೇರ ಹರಡಿ, ಫ್ಯಾನ್ ಕೆಳಗೆ ಒಣಗಿಸಿ. ಕೊಡುವಾಗ ಒಂದು ಚೀಟಿಯನ್ನೂ ಜೊತೆಗಿಡಿ: ತಣ್ಣೀರಲ್ಲಿ ಒಗೆಯಿರಿ, ಹಿಂಡಬೇಡಿ, ತಂತಿ ಮೇಲೆ ನೇತುಹಾಕಬೇಡಿ, ಚಾಪೆ ಮೇಲೆ ನೆರಳಲ್ಲಿ ಒಣಗಿಸಿ.