ಕುರಿ ಕಣ್ಣು ಕತ್ತರಿಸಿ ಪಾಠ ಮಾಡುವುದು

ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಕಣ್ಣಿನ ಚಿತ್ರ ಬರೆದು ಭಾಗ ಗುರುತಿಸಿ ಅಂದರೆ ಎಲ್ಲರೂ ಬರೆಯುತ್ತಾರೆ. ಕಣ್ಣಿನಿಂದ ಮೆದುಳಿಗೆ ನರ ಹೊರಡುವ ಜಾಗ ಯಾಕೆ ಕುರುಡು ಅಂತ ಕೇಳಿದರೆ ಮಾತ್ರ ಕ್ಲಾಸ್ ಗಪ್‌ಚುಪ್. ಅದಕ್ಕೇ ಕುರಿ ಕಣ್ಣು ತರಲು ಶುರು ಮಾಡಿದೆ.

ಮಟನ್ ಅಂಗಡಿಯವರಿಗೆ ಮೊದಲೇ ಹೇಳಿಡಬೇಕು. ಇಲ್ಲಾಂದ್ರೆ ತಲೆ ಸುಟ್ಟುಬಿಡುತ್ತಾರೆ. ಬೆಂದ ಕಣ್ಣಲ್ಲಿ ನೋಡಲು ಏನೂ ಉಳಿದಿರಲ್ಲ. ಹಿಂದಿನ ನರದ ತುಂಡು ಸ್ವಲ್ಪ ಬಿಟ್ಟು ಹಸಿಯಾಗೇ ತೆಗೆದುಕೊಡಿ ಅನ್ನಬೇಕು. ಹೊಸತೊಡಕಿನ ದಿನ ಮಾತ್ರ ಕೇಳಲು ಹೋಗಬೇಡಿ, ಆ ರಶ್ಶಲ್ಲಿ ಬೈಸಿಕೊಳ್ಳುತ್ತೀರಿ.

ಗ್ಲೌಸ್ ಹಾಕಿಕೊಂಡು ಸುತ್ತಲಿನ ಕೊಬ್ಬು, ಸ್ನಾಯು ಬಿಡಿಸುತ್ತೇನೆ. ಬಿಳಿ ಗೋಡೆ ಗಟ್ಟಿ. ಬ್ಲೇಡಿನಿಂದ ಸಣ್ಣ ತೂತು ಮಾಡಿ, ಕತ್ತರಿಯಿಂದ ನಡುವೆ ಸುತ್ತ ಕತ್ತರಿಸಿ ಎರಡು ಬಟ್ಟಲು ಮಾಡುತ್ತೇನೆ. ಲೆನ್ಸ್ ತೆಗೆದು ಪೇಪರಿನ ಮೇಲಿಟ್ಟರೆ ಅಕ್ಷರ ದೊಡ್ಡದಾಗಿ ಕಾಣುತ್ತದೆ. ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ, ಆದರೆ ಅಸಲಿ ವಿಷಯ ಹಿಂದಿನ ಬಟ್ಟಲಲ್ಲಿದೆ.

ಲೋಳೆ ಜಾರಿಸಿದ ಮೇಲೆ ಒಳಗೆ ಹಾಲಿನ ಕೆನೆಯಂಥ ತೆಳು ಪೊರೆ ಸುಕ್ಕಾಗಿ ಬಿದ್ದಿರುತ್ತದೆ. ಅದೇ ರೆಟಿನಾ, ಬೆಳಕು ಗ್ರಹಿಸುವ ಪದರ. ಚಿಮಟದ ಮೊಂಡು ತುದಿಯಿಂದ ಸರಿಸಿದರೆ ಎಲ್ಲ ಕಡೆಯೂ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಒಂದೇ ಒಂದು ಜಾಗದಲ್ಲಿ ಮಾತ್ರ ಬಿಡಲ್ಲ. ಬಟ್ಟಲು ಮಗುಚಿ ನೋಡಿದರೆ ಸರಿಯಾಗಿ ಅದರ ಹಿಂದೆಯೇ ನರದ ತುಂಡು! ರೆಟಿನಾದ ಮೇಲೆಲ್ಲ ಹರಡಿದ ನರತಂತುಗಳು ಅಲ್ಲಿ ಒಟ್ಟುಗೂಡಿ ಹೊರಗೆ ಹೋಗುತ್ತವೆ. ಮನುಷ್ಯರಲ್ಲಿ ಹೆಚ್ಚುಕಡಿಮೆ 10 ಲಕ್ಷ ತಂತುಗಳು. ಅವು ಹೊರಹೋಗುವ ಜಾಗದಲ್ಲಿ ಬೆಳಕು ಗ್ರಹಿಸುವ ಕೋಶಗಳಿಲ್ಲ. ಕುರುಡು ಅಂದರೆ ಇಷ್ಟೇ.

ಪೊರೆಯ ಅಡಿಯಲ್ಲಿ ನೀಲಿ-ಹಸಿರು ಮಿರುಗುವ ಪದರ ನಮ್ಮಲ್ಲಿಲ್ಲ, ಕುರಿಗುಂಟು. ರಾತ್ರಿ ಟಾರ್ಚ್ ಬಿಟ್ಟಾಗ ಅದರ ಕಣ್ಣು ಹೊಳೆಯುತ್ತಲ್ಲ, ಅದು ಇದರಿಂದಲೇ.

ಆಮೇಲೆ ಸ್ವಂತ ಕಣ್ಣಿನ ಸರದಿ. ಹಾಳೆಯಲ್ಲಿ ಎಡಕ್ಕೊಂದು ಗುಣಾಕಾರ ಚಿಹ್ನೆ, 8 ಸೆಂ.ಮೀ. ಬಲಕ್ಕೊಂದು ಚುಕ್ಕೆ. ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಗುಣಾಕಾರವನ್ನೇ ನೋಡುತ್ತಾ ಹಾಳೆಯನ್ನು ನಿಧಾನಕ್ಕೆ ಹತ್ತಿರ ತರಬೇಕು. ಸುಮಾರು ಒಂದು ಅಡಿ ದೂರದಲ್ಲಿ ಚುಕ್ಕೆ ಮಾಯ. ಎರಡೂ ಕಣ್ಣು ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಗೊತ್ತಾಗಲ್ಲ.

ನರ ಮುಂದೆಲ್ಲಿಗೆ ಹೋಗುತ್ತೆ ಅನ್ನುವುದನ್ನು ಬೋರ್ಡಿನಲ್ಲೇ ತೋರಿಸುತ್ತೇನೆ. ಎರಡೂ ನರ ಮೆದುಳಿನ ಬುಡದಲ್ಲಿ ಸೇರುತ್ತವೆ. ಮೂಗಿನ ಕಡೆಯ ಅರ್ಧ ರೆಟಿನಾದ ತಂತುಗಳು ಅಲ್ಲಿ ಆಚೆ ಬದಿಗೆ ದಾಟುತ್ತವೆ. ಅಲ್ಲಿಂದ ಮೆದುಳಿನ ನಡುವಿರುವ ಥಾಲಮಸ್ ಎಂಬ ಭಾಗ, ಕೊನೆಗೆ ನೋಟ ಮೂಡುವ ಮೆದುಳಿನ ಹಿಂಭಾಗ.

"ಹಾಗಾದ್ರೆ ಸಾರ್, ಹಿಂದಲೆಗೆ ಜೋರು ಪೆಟ್ಟಾದ್ರೆ ಕಣ್ಣು ಕಾಣಲ್ವಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು, ಕಣ್ಣು ಚೆನ್ನಾಗಿದ್ದರೂ ನೋಟ ಹೋಗಬಹುದು ಅನ್ನುತ್ತೇನೆ. ಮುಂದಿನ ಕ್ಲಾಸಿನ ಮೆದುಳಿನ ಪಾಠಕ್ಕೆ ದಾರಿ ಅಲ್ಲೇ ಸಿಗುತ್ತದೆ.